ಒಬ್ಬನೇ ಆಡುವ ಆಟಕ್ಕೆ ಊರ ಮಂದಿ ಬೇಕಾ?

ಈ ಮಳೆಗಾಲ ಪುಣೆಯ ಕೋಥರೂಡ್‌ ಮನೆಯಲ್ಲಿ ಕೂತು ನಾಲ್ಕು ವಿಡಿಯೋ ಗೇಮ್ ಆಡಿದೆ. ನಾಲ್ಕೂ ಕಥೆಯ ಆಟಗಳೇ, ಆದರೆ ಇಂಟರ್ನೆಟ್ ಮೂಲಕ ಆಡುವ ಹೊರಗಿನವರನ್ನು ಒಳಗೆ ಬಿಡುವ ರೀತಿ ಮಾತ್ರ ಬೇರೆ ಬೇರೆ.

2015ರ ವಿಚರ್ 3 ಯಾರಿಗೂ ಬಾಗಿಲು ತೆಗೆಯುವುದಿಲ್ಲ. ಜೋರು ಮಳೆಗೆ ಇಂಟರ್ನೆಟ್ ಹೋದ ರಾತ್ರಿ ಕೈಹಿಡಿದದ್ದು ಇದೇ. "ರೀ, ಹಾಲು ಉಕ್ಕಾಕತ್ತೈತ್ರಿ!" ಅಂತ ಹೆಂಡತಿ ಕೂಗಿದರೆ ಪಾಜ್ ಒತ್ತಿ ಆಟ ನಿಲ್ಲಿಸಿ ಎದ್ದು ಹೋಗಬಹುದು. 2022ರ ಎಲ್ಡನ್ ರಿಂಗ್‌ನಲ್ಲಿ ಆಫ್‌ಲೈನ್ ಇದ್ದರೂ ಪಾಜ್ ಬಟನ್ ಇಲ್ಲ. ಹಾಲು ಉಳಿಸಿ ಬರುವಷ್ಟರಲ್ಲಿ ನಾನು ಸತ್ತಿದ್ದೆ.

ಆದರೂ ಅದರ ಒಂದು ಗುಣ ಇಷ್ಟವಾಯಿತು. ಬೇರೆ ಆಟಗಾರರು ನೆಲದ ಮೇಲೆ ಸಂದೇಶ ಬಿಟ್ಟು ಹೋಗಿರುತ್ತಾರೆ. ಬಂಡೆಯ ಅಂಚಿನಲ್ಲಿ ಯಾರೋ 'ಜಿಗಿದು ನೋಡು' ಅಂತ ಬರೆದಿದ್ದರು. ಜಿಗಿದೆ, ಸತ್ತೆ. ವಾಪಸ್ ಬಂದು ನೋಡಿದರೆ ಪಕ್ಕದಲ್ಲೇ ರಕ್ತದ ಕಲೆ. ಅದನ್ನು ಮುಟ್ಟಿದರೆ ಸತ್ತವನ ಕೊನೆಯ ಗಳಿಗೆ ಕೆಂಪು ನೆರಳಾಗಿ ಕಾಣುತ್ತದೆ. ಅವನೂ ಜಿಗಿದಿದ್ದ! ಒಬ್ಬನೇ ಕೂತು ನಕ್ಕೆ. ಧಾರವಾಡದಿಂದ ತಮ್ಮನನ್ನು ಜೊತೆಗೆ ಕರೆದಾಗ ಮಾತ್ರ ಮಜಾ ಹೋಯಿತು. ಜೊತೆಗಾರ ಬಂದರೆ ನಮ್ಮನ್ನು ಕೊಲ್ಲಲು ಬರುವ ಇನ್ನೊಬ್ಬ ಆಟಗಾರನೂ ನುಗ್ಗಬಹುದು, ನುಗ್ಗಿದ. ಕೊನೆಗೆ ದೊಡ್ಡ ರಾಕ್ಷಸನನ್ನು ತಮ್ಮನೇ ಮುಗಿಸಿದ, ನಾನು ಸುಮ್ನೆ ಓಡಾಡಿಕೊಂಡಿದ್ದೆ.

ಘೋಸ್ಟ್ ಆಫ್ ತ್ಸುಶಿಮಾದಲ್ಲಿ ಈ ತಲೆನೋವಿಲ್ಲ. 2020ರಲ್ಲಿ ಫ್ರೀಯಾಗಿ ಬಂದ, ಬೇರೆಯವರ ಜೊತೆ ಆಡುವ 'ಲೆಜೆಂಡ್ಸ್' ಭಾಗ ಬೇರೆಯೇ ಕೋಣೆ, ಕಥೆಯನ್ನು ಮುಟ್ಟುವುದಿಲ್ಲ. ಭಾನುವಾರ ತಮ್ಮನ ಜೊತೆ ಎರಡು ತಾಸು ಆಡಲು ಸಾಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2019ರ ಡೆತ್ ಸ್ಟ್ರ್ಯಾಂಡಿಂಗ್. ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟ ದಾಟುವ ಆಟ. ಹೊಸ ಜಾಗಕ್ಕೆ ಮೊದಲ ಸಲ ಹೋಗುವಾಗ ನೀವೊಬ್ಬರೇ. ಅದನ್ನು ಆಟದೊಳಗಿನ ನೆಟ್‌ವರ್ಕ್‌ಗೆ ಸೇರಿಸಿದ ಮೇಲಷ್ಟೇ ಬೇರೆಯವರು ಬಿಟ್ಟ ಏಣಿ, ಹಗ್ಗ, ಸೇತುವೆ ಕಾಣುತ್ತವೆ. ಕಥೆಯೇ ಕಡಿದುಹೋದ ಊರುಗಳನ್ನು ಜೋಡಿಸುವುದು, ಹಾಗಾಗಿ ಇದು ಅಂಟಿಸಿದಂತೆ ಅನಿಸುವುದಿಲ್ಲ. ಆ ಜನ ನಿಮಗೆ ಎದುರಾಗುವುದೂ ಇಲ್ಲ. ಲೈಕ್ ಕೊಟ್ಟು ಮುಂದೆ ಹೋಗಬಹುದು, ಅಷ್ಟೇ.

2012ರ ಮಾಸ್ ಎಫೆಕ್ಟ್ 3 ನೆನಪಿದೆ ಅಲ್ವಾ? ಅದರಲ್ಲಿ ಮಲ್ಟಿಪ್ಲೇಯರ್, ಅಂದರೆ ಬೇರೆಯವರ ಜೊತೆ ಆನ್‌ಲೈನ್ ಆಡುವ ಭಾಗ, ಆಡದೆ ಬರೀ ಕಥೆ ಆಡಿದವನ ಯುದ್ಧಸಿದ್ಧತೆಯ ಅಂಕ 50%ಕ್ಕೇ ನಿಂತಿರುತ್ತಿತ್ತು. ನನಗೆ ಬೇಡವಾದದ್ದು ಆ ಥರದ ಬಲವಂತ.

ನಿನ್ನೆ ನನ್ನ ಏಣಿಗೆ ಯಾರೋ ಲೈಕ್ ಕೊಟ್ಟಿದ್ದರು. ಖುಷಿಯಿಂದ ಹೆಂಡತಿಗೆ ತೋರಿಸಿದೆ. "ಗುರುತಿಲ್ಲದವರಿಗೆ ಏಣಿ ಹಾಕ್ತೀರಿ, ಅಟ್ಟದ ಮ್ಯಾಲಿನ ಡಬ್ಬಿ ಇಳಿಸ್ರಿ ಅಂದ್ರ ಆಗಂಗಿಲ್ಲ" ಅಂದಳು.