ಪರದೆಯಾಚೆ ಟೀಚರ್, ಪಕ್ಕದಲ್ಲಿ ಮನೆಯವರು: ಗಡಿನಾಡಿನ ಒಂದು ಕನ್ನಡ ಮನೆಶಾಲೆ

ಹಗಲು ಹೊತ್ತಿನಲ್ಲಿ ಮಗುವಿನ ಪಕ್ಕ ಕುಳಿತುಕೊಳ್ಳಬಲ್ಲ ದೊಡ್ಡವರೊಬ್ಬರು ಮನೆಯಲ್ಲಿ ಇಲ್ಲದಿದ್ದರೆ ಈ ಆನ್‌ಲೈನ್ ಮನೆಶಾಲೆಗೆ ಹಣ ಕಟ್ಟಬೇಡಿ ಎಂಬ ಮಾತನ್ನು ಮೊದಲಿಗೇ ಹೇಳಿಬಿಡುತ್ತೇನೆ. ವಿಡಿಯೊ ಹಾಕಿಕೊಟ್ಟು ಮಗುವನ್ನು ಮೊಬೈಲಿಗೆ ಒಪ್ಪಿಸಿಬಿಡುವ ಆ್ಯಪ್ ಇದಲ್ಲ. ಕಾಸರಗೋಡು ಜಿಲ್ಲೆಯ ಕೆಲವು ನಿವೃತ್ತ ಅಧ್ಯಾಪಕರು ಮತ್ತು ಕೆಲಸಕ್ಕೆ ಕಾಯುತ್ತಿರುವ ಕೆಲವು ಯುವ ಶಿಕ್ಷಕಿಯರು ಸೇರಿಕೊಂಡು, ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಕನ್ನಡ ಮಾಧ್ಯಮದಲ್ಲಿ ನಡೆಸುತ್ತಿರುವ ಸಣ್ಣ ವ್ಯವಸ್ಥೆ ಇದು. ನಡೆಸುವವರು ಖಾಸಗಿ ವ್ಯಕ್ತಿಗಳಾದ್ದರಿಂದ ಹೆಸರು ಬರೆಯುತ್ತಿಲ್ಲ. ಎಣ್ಮಕಜೆ, ಪೈವಳಿಕೆ, ಬದಿಯಡ್ಕ, ದೇಲಂಪಾಡಿ ಕಡೆಯ ತೋಟದ ಮನೆಗಳ ಮಕ್ಕಳೇ ಇಲ್ಲಿ ಹೆಚ್ಚು. ನಮ್ಮ ಮಗಳು ಐದನೆಯ ತರಗತಿಯ ಪಾಠಗಳನ್ನು ಇಲ್ಲಿ ಕಲಿಯುತ್ತಿದ್ದಾಳೆ.

ಆನ್‌ಲೈನ್ ಪಾಠವೆಂದರೆ ನಮ್ಮ ಕಡೆಯವರಿಗೆ ಇಂದಿಗೂ ನೆನಪಾಗುವುದು ‘ಫಸ್ಟ್ ಬೆಲ್’. 2020ರ ಜೂನ್ 1ರಂದು ಕೇರಳ ಸರಕಾರದ ಶೈಕ್ಷಣಿಕ ಟಿವಿ ವಾಹಿನಿಯಾದ ಕೈಟ್ ವಿಕ್ಟರ್ಸ್‌ನಲ್ಲಿ ಆರಂಭವಾದ ಆ ತರಗತಿಗಳು, 2021ರ ನವೆಂಬರ್ 1ರಂದು ಶಾಲೆಗಳು ಮತ್ತೆ ತೆರೆಯುವವರೆಗೆ ಕೇರಳದ ಮಕ್ಕಳ ಪಾಲಿಗೆ ಶಾಲೆಯೇ ಆಗಿದ್ದವು. ಅರ್ಧ ಗಂಟೆಯ ಪಾಠ ಟಿವಿಯಲ್ಲಿ, ಅದರ ಮುಂದಿನ ಕೆಲಸ ಶಾಲೆಯ ಟೀಚರ್ ತೆರೆದ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಕನ್ನಡ ಮಾಧ್ಯಮದ ಪಾಠಗಳೂ ಪ್ರತ್ಯೇಕವಾಗಿ ತಯಾರಾದವು. ಬಡವರ ಮನೆಗೂ ಉಳ್ಳವರ ಮನೆಗೂ ಒಂದೇ ಪಾಠ ತಲುಪಿತೆಂಬುದು ಆ ಯೋಜನೆಯ ದೊಡ್ಡ ಗುಣ. ಆದರೆ ಟಿವಿಗೆ ಎದುರು ಕುಳಿತ ಮಗು ಕಾಣಿಸದು. ಅರ್ಥವಾಗದೆ ಮುಖ ಬಾಡಿದರೂ ಪಾಠ ಮುಂದೆ ಹೋಗುತ್ತದೆ. ಈ ಮನೆಶಾಲೆಯವರು ಅಲ್ಲಿನ ಅರ್ಧ ಗಂಟೆಯ ಮಿತಿಯನ್ನು ಹಾಗೆಯೇ ಇಟ್ಟುಕೊಂಡು, ಒಂದು ಗುಂಪಿನಲ್ಲಿ ಆರೇಳು ಮಕ್ಕಳಿಗಿಂತ ಹೆಚ್ಚು ಸೇರಿಸಿಕೊಳ್ಳದಿರುವುದರಿಂದ ಆ ಕೊರತೆ ಇಲ್ಲಿ ಕಾಣುವುದಿಲ್ಲ.

ಪಠ್ಯಪುಸ್ತಕಗಳು ಕೇರಳ ಸರಕಾರದ ಪಠ್ಯಪುಸ್ತಕ ಸಂಸ್ಥೆಯಾದ ಎಸ್‌ಸಿಇಆರ್‌ಟಿ ಹೊರತಂದ ಕನ್ನಡ ಮಾಧ್ಯಮದವುಗಳೇ. ಭಾನುವಾರ ಸಂಜೆ ಶಿಕ್ಷಕರೂ ಹೆತ್ತವರೂ ಪರದೆಯ ಮೇಲೆ ಸೇರಿ ಮುಂದಿನ ವಾರದ ಕೆಲಸವನ್ನು ಹಂಚಿಕೊಳ್ಳುತ್ತಾರೆ: ಯಾವ ಪಾಠವನ್ನು ಟೀಚರ್ ಮಾಡುವುದು, ಯಾವುದನ್ನು ಮನೆಯಲ್ಲಿ ಮಾಡಿಸುವುದು, ಅದಕ್ಕೆ ಏನೇನು ಸಾಮಾನು ಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ಪ್ರತಿದಿನ ಮಗು ಎಲ್ಲಿ ತಡವರಿಸಿತೆಂದು ನಾವು ನಾಲ್ಕು ಸಾಲಿನ ದಿನಚರಿ ಬರೆದು ಕಳುಹಿಸಬೇಕು. ಟೀಚರ್ ಧ್ವನಿಸಂದೇಶದಲ್ಲಿ ಉತ್ತರಿಸುತ್ತಾರೆ. ಉತ್ತರ ಎಂದೂ ಮರುದಿನವನ್ನು ದಾಟಿಲ್ಲ. ಶುಲ್ಕ ಪೇಟೆಯಲ್ಲಿ ಎರಡು ವಿಷಯಗಳ ಟ್ಯೂಷನ್‌ಗೆ ಕೊಡುವುದಕ್ಕಿಂತ ಕಡಿಮೆ.

ಈ ಪದ್ಧತಿಯ ನಿಜವಾದ ಬೆಲೆ ನಮಗೆ ತಿಳಿದದ್ದು ನೀರಿನ ಪಾಠದಲ್ಲಿ. ನಮ್ಮ ಕಡೆಯ ಅನೇಕ ಮನೆಗಳ ಹಿಂದೆ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗಗಳಿವೆ; ಒಬ್ಬ ಮನುಷ್ಯ ತುಸು ಬಗ್ಗಿ ನಡೆಯಬಹುದಾದಷ್ಟು ಎತ್ತರ, ಎರಡು ಅಡಿಯ ಆಸುಪಾಸಿನ ಅಗಲ. ಮುರಕಲ್ಲಿನ (ಜಂಬಿಟ್ಟಿಗೆಯ) ರಂಧ್ರಗಳ ಮೂಲಕ ಇಳಿದ ಮಳೆನೀರು ಕೆಳಗಿನ ಜೇಡಿಪದರದ ಮೇಲೆ ನಿಂತು, ಒಳಗೆ ಕೊಟ್ಟಿರುವ ಸಣ್ಣ ಇಳಿಜಾರಿನಲ್ಲಿ ಪಂಪು, ಕರೆಂಟು ಯಾವುದೂ ಇಲ್ಲದೆ ಹೊರಗೆ ಹರಿದು ಬರುತ್ತದೆ. ಡಿಸೆಂಬರಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಇನ್ನೊಮ್ಮೆ ಈ ನೀರನ್ನು ಅಳೆಯುವ ಕೆಲಸವನ್ನು ಟೀಚರ್ ಕೊಟ್ಟರು. ಹತ್ತು ಲೀಟರ್ ಹಿಡಿಯುವ ಕೊಡಪಾನ 40 ಸೆಕೆಂಡುಗಳಲ್ಲಿ ತುಂಬಿದರೆ ಗಂಟೆಗೆ 900 ಲೀಟರ್; ಅದೇ ಕೊಡಪಾನಕ್ಕೆ ಎರಡು ನಿಮಿಷ ಬೇಕಾದರೆ 300 ಲೀಟರ್ ಮಾತ್ರ. ಭಾಗಾಕಾರವೆಂದರೆ ಮುಖ ಸಿಂಡರಿಸುತ್ತಿದ್ದ ಮಗಳು ಈ ಲೆಕ್ಕವನ್ನು ತಾನೇ ಮಾಡಿ, ಅಷ್ಟು ಸಣ್ಣ ಧಾರೆಯಿಂದ ಬೆಳಗಾಗುವಷ್ಟರಲ್ಲಿ ಟಾಂಕಿ ತುಂಬುವುದು ಹೇಗೆಂಬ ಟೀಚರ ಪ್ರಶ್ನೆಗೆ, ಹನ್ನೆರಡು ಗಂಟೆಗಳಲ್ಲಿ 3,600 ಲೀಟರ್ ಎಂದು ಉತ್ತರ ಬರೆದಳು. ಬಳಿಕ ಅವಳ ಅಜ್ಜನ ಸರದಿ ಬಂತು. ಒಳಗೆ ಕೊರೆಯುವವರು ಉರಿಯುವ ಮೇಣದ ಬತ್ತಿಯನ್ನು ಏಕೆ ಇಟ್ಟುಕೊಳ್ಳುತ್ತಿದ್ದರು, ಬತ್ತಿ ಮಂಕಾದರೆ ಏಕೆ ಹೊರಗೆ ಬರುತ್ತಿದ್ದರು ಎಂದು ಅವರು ಪರದೆಯ ಮುಂದೆ ಕುಳಿತು ಇಡೀ ಗುಂಪಿಗೆ ವಿವರಿಸಿದರು. ಅವರು ನಿಲ್ಲಿಸಿದಲ್ಲಿಂದಲೇ ಎತ್ತಿಕೊಂಡ ಟೀಚರ್ ಉರಿಯುವಿಕೆಗೂ ಉಸಿರಾಟಕ್ಕೂ ಆಮ್ಲಜನಕ ಬೇಕೆಂಬ ಪಾಠವನ್ನು ಅಂದೇ ಮುಗಿಸಿದರು. ತರಗತಿಯ ಕೋಣೆಯೊಳಗೆ ಇಂಥ ಪಾಠವನ್ನು ಹೀಗೆ ಮಾಡುವುದು ಕಷ್ಟ. ಅಜ್ಜನ ಮಾತು ಮಾತ್ರ ಅರ್ಧ ಗಂಟೆಯ ಮಿತಿಯನ್ನು ಸಾಕಷ್ಟು ಮೀರಿತು.

ಕನ್ನಡ ಕಲಿಸುವ ರೀತಿಯೂ ಮೆಚ್ಚುವಂಥದ್ದೇ. ಗುಂಪಿನಲ್ಲಿ ಹವ್ಯಕ, ತುಳು, ಮರಾಠಿ, ಮಲಯಾಳ ಮನೆಮಾತಿನ ಮಕ್ಕಳಿದ್ದಾರೆ. ಕಥೆಯನ್ನು ಮನೆಯಲ್ಲಿ ತಮ್ಮ ಮಾತಿನಲ್ಲಿ ಹೇಳಿ, ಮರುದಿನ ಪುಸ್ತಕದ ಕನ್ನಡದಲ್ಲಿ ಬರೆಯಬೇಕೆಂಬುದು ಇಲ್ಲಿನ ಕ್ರಮ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ, ವೇಷವಿಲ್ಲದೆ ಕುಳಿತು ಮಾತಿನಲ್ಲಿಯೇ ಪ್ರಸಂಗ ನಡೆಸುವ ತಾಳಮದ್ದಳೆಗೆ ಬರವಿಲ್ಲವಾದ್ದರಿಂದ, ಮನೆಯವರೊಡನೆ ಕುಳಿತು ಒಂದು ಪ್ರಸಂಗವನ್ನು ಕೇಳಿ ಇಬ್ಬರು ಅರ್ಥಧಾರಿಗಳ (ಪಾತ್ರವಾಗಿ ಮಾತಾಡುವವರ) ವಾದವನ್ನು ಬರೆದು ತರುವ ಕೆಲಸವೂ ಇರುತ್ತದೆ.

ಆದರೆ ಮಲಯಾಳದ ವಿಷಯದಲ್ಲಿ ಈ ಶಾಲೆ ತೀರಾ ದುರ್ಬಲ. ವಾರಕ್ಕೊಂದು ತರಗತಿ, ಅದೂ ಆಗಾಗ ರದ್ದಾಗುತ್ತದೆ. ಪಂಚಾಯತು ಕಚೇರಿಯಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ಮಲಯಾಳ ಓದದೆ ದಿನ ಕಳೆಯುವುದು ಕಷ್ಟವಾಗಿರುವ ಜಿಲ್ಲೆಯಲ್ಲಿ, ಕನ್ನಡದ ಮೇಲಿನ ಪ್ರೀತಿಯಿಂದಲೇ ಇದನ್ನು ಬದಿಗಿಟ್ಟರೆ ಕೊನೆಗೆ ಪೆಟ್ಟು ಬೀಳುವುದು ಕನ್ನಡದ ಮಕ್ಕಳಿಗೇ. ಏಳನೆಯ ತರಗತಿಯಿಂದ ಮೇಲಿನ ವಿಜ್ಞಾನದ ಪ್ರಯೋಗಗಳೂ ಹೆಚ್ಚಿನಂಶ ಚಿತ್ರದಲ್ಲಿಯೇ ಮುಗಿಯುತ್ತವೆಂದು ದೊಡ್ಡ ಮಕ್ಕಳ ಹೆತ್ತವರು ಹೇಳುತ್ತಾರೆ. ಜೂನ್, ಜುಲೈ ತಿಂಗಳುಗಳಲ್ಲಿ ಕರೆಂಟು, ಮೊಬೈಲಿನ ರೇಂಜು ಎರಡೂ ಹೋಗುವುದುಂಟು. ಆಗ ಪಾಠದ ಆಡಿಯೊವನ್ನು ಕಳುಹಿಸಿಕೊಡುತ್ತಾರಾದ್ದರಿಂದ ಅದನ್ನು ದೊಡ್ಡ ದೂರಾಗಿ ನಾನು ಹೇಳಲಾರೆ.

‘ಕುಟುಂಬದ ಸಹಭಾಗಿತ್ವ’ ಎಂದು ಇವರ ಕರಪತ್ರದಲ್ಲಿ ಅಚ್ಚಾಗಿರುವುದು ಹೆಚ್ಚಿನ ಮನೆಗಳಲ್ಲಿ ತಾಯಿಯ ಹೆಗಲಿಗೇ ಬೀಳುತ್ತದೆ. ಭಾನುವಾರದ ಸಭೆಯಲ್ಲಿ ತಂದೆಯರು ಧಾರಾಳವಾಗಿ ಸಲಹೆ ಕೊಡುತ್ತಾರೆ. ಸೋಮವಾರ ಒಲೆಯ ಮೇಲೆ ಅನ್ನವಿಟ್ಟು ಭಿನ್ನರಾಶಿ ಹೇಳಿಕೊಡುವವರು ಬೇರೆ. (ಈ ವಿಮರ್ಶೆಯನ್ನು ಬರೆಯುತ್ತಿರುವವನೂ ತಂದೆಯೇ; ಅಡಿಕೆ ಕೊಯ್ಲಿನ ದಿನಗಳಲ್ಲಿ ನನ್ನ ಪಾಲಿನ ದಿನಚರಿಯನ್ನೂ ಹೆಂಡತಿಯೇ ಬರೆದಿದ್ದಾಳೆ.) ವಾರದ ಕೆಲಸ ಹಂಚುವಾಗ ಯಾವುದು ತಾಯಿಗೆ, ಯಾವುದು ತಂದೆಗೆ ಎಂದು ಶಿಕ್ಷಕರೇ ಹೆಸರು ಹಿಡಿದು ಬರೆಯುವುದು ಒಳ್ಳೆಯದು.

ಸೇರಿಸುವ ಮೊದಲು ಸರ್ಟಿಫಿಕೇಟಿನ ವಿಚಾರವನ್ನು ಸ್ಪಷ್ಟಮಾಡಿಕೊಳ್ಳಬೇಕು. ಇದು ಮಾನ್ಯತೆ ಪಡೆದ ಶಾಲೆಯಲ್ಲ, ಟಿ.ಸಿ. ಕೊಡಲಾರದು, ಇದನ್ನು ಅವರೂ ಮುಚ್ಚಿಡುವುದಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಮೂರು, ಐದು, ಎಂಟನೆಯ ತರಗತಿಗಳಿಗೆ ಸಮಾನವಾದ ಎ, ಬಿ, ಸಿ ಎಂಬ ಹಂತಗಳಿವೆ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು. ಯಾವ ಹಂತವನ್ನು ಯಾವ ಮಾಧ್ಯಮದಲ್ಲಿ ಬರೆಯಬಹುದೆಂದು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ, ಏಕೆಂದರೆ ಕನ್ನಡದಲ್ಲಿ ಕಲಿತ ಮಗು ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕಾದ ಸ್ಥಿತಿ ಯಾರಿಗೂ ಬೇಡ. ರಾಜ್ಯದ ಸಾಕ್ಷರತಾ ಮಿಷನ್ ನಡೆಸುವ ಹತ್ತನೆಯ ತರಗತಿಯ ತತ್ಸಮಾನ ಕೋರ್ಸ್ 17 ವರ್ಷ ತುಂಬಿದವರಿಗಾಗಿ ಇರುವುದರಿಂದ ಸಣ್ಣ ಮಕ್ಕಳಿಗೆ ಅದು ದಾರಿಯಲ್ಲ. ಮನಸ್ಸು ಬದಲಾದರೆ ಶಿಕ್ಷಣ ಹಕ್ಕು ಕಾಯಿದೆಯ 4ನೆಯ ಸೆಕ್ಷನ್ ಪ್ರಕಾರ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಶಾಲೆಯಲ್ಲಿ ಸೇರಿಸಬಹುದು.

ಎರಡು ವಾರಗಳ ಪ್ರಾಯೋಗಿಕ ಪಾಠಕ್ಕೆ ಇವರು ಶುಲ್ಕ ಕೇಳುವುದಿಲ್ಲ. ಆ ಅವಧಿಯಲ್ಲಿ ಮಗುವಿನ ತರಗತಿಯನ್ನು ನೋಡುವುದಕ್ಕಿಂತ ಭಾನುವಾರದ ಒಂದು ಸಭೆಯಲ್ಲಿ ಗಂಡಹೆಂಡಿರಿಬ್ಬರೂ ಕೊನೆಯವರೆಗೆ ಕುಳಿತು ನೋಡಿ; ಅದು ಹೊರೆಯೆನಿಸಿದರೆ ಹತ್ತಿರದ ಕನ್ನಡ ಶಾಲೆಯೇ ಲೇಸು. ನಾವು ಆರನೆಯ ತರಗತಿಗೂ ಮುಂದುವರಿಸುತ್ತಿದ್ದೇವೆ, ಮಲಯಾಳವನ್ನು ಮಾತ್ರ ಪಕ್ಕದ ಮನೆಯ ಟೀಚರ ಹತ್ತಿರ ಕಲಿಸುವುದೆಂದು ನಿಶ್ಚಯಿಸಿ.