ಜಡ್ಡಿರಾಯನಿಗೆ ಬಣ್ಣ ಹಚ್ಚಿದ ಕ್ರಿಟಾ: ಹಲವು ವರ್ಷಗಳ ಬಳಕೆಯ ನಂತರ

ಕಲ್ಪನೆಯ ಪ್ರಾಣಿಯೊಂದನ್ನು ಕಂಪ್ಯೂಟರಿನಲ್ಲಿ ಚಿತ್ರಿಸಬೇಕು ಎನ್ನುವವರು ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳಿದರೆ ನಾನು ಹೇಳುವುದು ಕ್ರಿಟಾ. ಶಿರಸಿಯಲ್ಲಿ ಕುಳಿತು ಅದರ ನಾಲ್ಕನೆಯ ಆವೃತ್ತಿಯ ಕಾಲದಿಂದ ಬಳಸುತ್ತಿದ್ದೇನೆ. 2021ರ ಡಿಸೆಂಬರಿನಲ್ಲಿ ಐದನೆಯದು ಬಂದ ಮೇಲೆ ಬೇರೊಂದನ್ನು ತೆರೆಯುವ ಪ್ರಸಂಗವೇ ಅಪರೂಪವಾಗಿದೆ. ಅಧಿಕೃತ ತಾಣದಿಂದ ಉಚಿತವಾಗಿ ಸಿಗುತ್ತದೆ. ಖಾತೆ ತೆರೆಯಬೇಕಿಲ್ಲ, ತಿಂಗಳ ಚಂದಾ ಇಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ಟಿನ ಹಂಗಿಲ್ಲ. ಮಳೆ ಹಿಡಿದರೆ ನೆಟ್‌ವರ್ಕ್ ಮಾಯವಾಗುವ ಘಟ್ಟದ ಮೇಲಿನ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಅನುಕೂಲವಿದ್ದವರು ಸ್ಟೀಮ್ ಅಥವಾ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಹಣ ಕೊಟ್ಟು ಕೊಳ್ಳಬಹುದು. ಆ ಹಣ ಅದರ ಅಭಿವೃದ್ಧಿಗೆ ಸಲ್ಲುತ್ತದೆ.

ಈ ವಿಮರ್ಶೆಯನ್ನು ಒಂದೇ ಪ್ರಾಣಿಯ ಸುತ್ತ ಬರೆಯುತ್ತೇನೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಮರಗಳ ಜಡ್ಡಿಗಳಿವೆ. ಬೇಸಿಗೆಯಲ್ಲೂ ನೀರು ಒಸರುವ ಕೆಸರು ನೆಲ; ಕೆಸರಿನೊಳಗೆ ಗಾಳಿ ಸಾಲದೆ ಮೇಲೆದ್ದು ಬಾಗಿ ಮತ್ತೆ ಕೆಳಗಿಳಿಯುವ ಮಂಡಿಬೇರುಗಳು; ಕಾಂಡದಿಂದ ಹೊರಟು ನೆಲಕ್ಕೆ ಊರಿ ನಿಂತ ಊರುಬೇರುಗಳು. ಕಾನಿನ ಅಂಚಿನಲ್ಲಿ ಚೌಡಿ, ಜಟಗ, ಹುಲಿದೇವರ ಕಲ್ಲುಗಳಿರುವ ನಾಡು ನಮ್ಮದು. ಇಂಥ ಜಡ್ಡಿಯನ್ನು ಕಾಯುವ ಪ್ರಾಣಿಯೊಂದು ಇದ್ದಿದ್ದರೆ ಹೇಗಿರುತ್ತಿತ್ತು ಎಂಬ ಪ್ರಶ್ನೆಯಿಂದ ಚಿತ್ರಗಳಲ್ಲಿ ಹೇಳುವ ನನ್ನ ಕಥೆ ಹುಟ್ಟಿತು. ಮೈ ಚಿಪ್ಪುಹಂದಿಯದು, ತಲೆಯ ಮೇಲೆ ದೊಡ್ಡ ಮಂಗಟ್ಟೆ ಹಕ್ಕಿಯ ಕೊಕ್ಕಿನ ಮೇಲಿರುವಂಥ ಕೊಂಬುತೊಪ್ಪಿ, ಕಾಲುಗಳು ರಾಮಪತ್ರೆಯ ಬೇರು. ಹೆಸರು ಜಡ್ಡಿರಾಯ. ಇರದ ಪ್ರಾಣಿಯನ್ನು ನೋಡುಗರು ನಂಬಬೇಕಾದರೆ ಅದರ ಒಂದೊಂದು ಅಂಗವೂ ಇರುವ ಯಾವುದೋ ಒಂದರಿಂದ ಬಂದಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಕ್ರಿಟಾವನ್ನು ನಾನು ಅಳೆಯುವುದೂ ಇದರಿಂದಲೇ: ಕಂಡದ್ದನ್ನು ಕಾಣದ್ದರ ಮೈಗೆ ಹೊಂದಿಸಲು ಅದು ಎಷ್ಟು ನೆರವಾಗುತ್ತದೆ?

ಮೊದಲ ಹಂತ ಬರೀ ಕಪ್ಪು ಆಕೃತಿ. ವಿಂಡೋ ಮೆನುವಿನಲ್ಲಿ ಅದೇ ಚಿತ್ರದ ಎರಡನೆಯ ನೋಟವನ್ನು ತೆರೆದು ಅಂಚೆಚೀಟಿಯಷ್ಟು ಚಿಕ್ಕದಾಗಿ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಅಷ್ಟು ಚಿಕ್ಕದರಲ್ಲೂ ಬೇರುಗಾಲು ಬೇರುಗಾಲಾಗಿಯೇ ಕಾಣಬೇಕು. ಎಂ ಕೀಲಿ ಒತ್ತಿದರೆ ನೋಟ ಎಡಬಲ ತಿರುಗುತ್ತದೆ, ವಾಲಿದ ಬೆನ್ನು ಕೂಡಲೇ ಸಿಕ್ಕಿಬೀಳುತ್ತದೆ. ತೆಗೆದ ಫೋಟೋಗಳನ್ನು ರೆಫರೆನ್ಸ್ ಇಮೇಜ್ ಸಾಧನದಿಂದ ಕ್ಯಾನ್ವಾಸಿನ ಸುತ್ತ ಹರಡಿಟ್ಟು ಚಿತ್ರದ ಫೈಲಿನೊಳಗೇ ಉಳಿಸಬಹುದು. ಬೇರಿನ ಫೋಟೋ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಎಂದು ಹುಡುಕಾಡುವ ಕಾಟವಿಲ್ಲ.

ಕ್ರಿಟಾದ ಶಕ್ತಿ ನಿಜವಾಗಿ ತೆರೆದುಕೊಳ್ಳುವುದು ಚಿಪ್ಪುಗಳ ಕೆಲಸದಲ್ಲಿ. ಒಂದೇ ಚಿಪ್ಪನ್ನು ಚೆನ್ನಾಗಿ ಬರೆದು ಅದನ್ನೇ ಬ್ರಷ್ಷಿನ ತುದಿಯಾಗಿ ಉಳಿಸಿಕೊಂಡೆ. ಬ್ರಷ್ ಸಂಪಾದಕದಲ್ಲಿ ತಿರುಗುವಿಕೆಯನ್ನು ಡ್ರಾಯಿಂಗ್ ಆ್ಯಂಗಲ್‌ಗೆ, ಗಾತ್ರವನ್ನು ಪೆನ್ನಿನ ಒತ್ತಡಕ್ಕೆ ಜೋಡಿಸಿದರೆ ಎಳೆದ ಗೆರೆಯ ಬಳುಕಿನಂತೆ ಚಿಪ್ಪುಗಳು ತಾವೇ ತಿರುಗಿ ಸಾಲಾಗಿ ಕೂರುತ್ತವೆ. ದಿಕ್ಕು ಮಾತ್ರ ಮುಖ್ಯ. ಹಂಚಿನ ಮಾಡಿಗೆ ಹಂಚು ಹೊದಿಸುವವರು ಸೂರಿನ ತುದಿಯಿಂದ ಆರಂಭಿಸಿ ಮೇಲಕ್ಕೆ ಹೋಗುವ ಹಾಗೆ, ಬಾಲದಿಂದ ಹೊರಟು ತಲೆಯ ಕಡೆಗೆ ಎಳೆಯಬೇಕು. ಆಗಲೇ ಮುಂದಿನ ಚಿಪ್ಪು ಹಿಂದಿನದರ ಬುಡವನ್ನು ಮುಚ್ಚುತ್ತದೆ. ಹೊಟ್ಟೆಯ ಕಡೆ ಚಿಪ್ಪಿಲ್ಲ, ಅಲ್ಲಿ ಮೆತ್ತನೆಯ ಚರ್ಮ. ಬ್ರಷ್ ಕೊಡುವುದು ಸಾಲನ್ನು ಮಾತ್ರ. ಹೆಗಲು, ತೊಡೆಗಳ ಮಡಿಕೆಯಲ್ಲಿ ಒಂದೊಂದನ್ನೂ ಕೈಯಾರೆ ತಿದ್ದಲೇಬೇಕು. ಅಲ್ಲಿ ಟ್ರಾನ್ಸ್‌ಫಾರ್ಮ್ ಸಾಧನದ ಆಕಾರವನ್ನು ಬಾಗಿಸಿ, ತಳ್ಳಿ ಹೊಂದಿಸುವ ವಾರ್ಪ್ ಮತ್ತು ಲಿಕ್ವಿಫೈ ವಿಧಾನಗಳು ಕೈಹಿಡಿಯುತ್ತವೆ.

ಚಿಪ್ಪಿಗೆ ಲೋಹದ ಹೊಳಪು ಕೊಡುವ ಚಿತ್ರಗಳನ್ನು ಬಹಳ ನೋಡಿದ್ದೇನೆ, ಒಪ್ಪುವುದಿಲ್ಲ. ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರಿನಂತೆ ಕೆರಟಿನ್‌ನಿಂದ ಆದದ್ದು. ಬೆಳಕು ಅದರ ಮೇಲೆ ಮಂದವಾಗಿ, ಅಗಲವಾಗಿ ಹರಡುತ್ತದೆ. ಅಂಚು ಸವೆದು ತಿಳಿಯಾಗಿರುತ್ತದೆ. ಉಗುರಿನಂಥದೇ ಈ ವಸ್ತುವಿಗಾಗಿ ಆ ಬಡಪ್ರಾಣಿಯನ್ನು ಬೇಟೆಯಾಡುತ್ತಾರೆ ಎಂಬುದು ಬಣ್ಣ ಹಚ್ಚುವಾಗಲೆಲ್ಲ ನೆನಪಾಗಿ ಸಂಕಟವಾಗುತ್ತದೆ. ಕಥೆಯಲ್ಲಿ ಜಡ್ಡಿರಾಯನ ಚಿಪ್ಪುಗಳು ಕೆಲವೆಡೆ ಕಿತ್ತುಹೋಗಿರುವುದು ಅದಕ್ಕಾಗಿಯೇ.

ಬೆಳಕಿನ ವಿಷಯಕ್ಕೆ ಇನ್ನೂ ಹೆಚ್ಚು ಹೊತ್ತು ಕೊಡಬೇಕು. ಜಡ್ಡಿಯೊಳಗೆ ನಡುಹಗಲಿನಲ್ಲೂ ನೇರ ಬಿಸಿಲು ಬೀಳುವುದು ತುಣುಕುಗಳಾಗಿ. ಉಳಿದದ್ದು ಎಲೆಗಳಿಂದ ಸೋಸಿ ಬಂದ ಹಸಿರು ಬೆಳಕು; ಕೆಳಗಿನ ನೀರು ಆಕಾಶದ ಚೂರನ್ನು ಹೊಟ್ಟೆಯ ಕಡೆಗೆ ತಿರುಗಿಸುತ್ತದೆ. ಹಾಗಾಗಿ ಪ್ರಾಣಿಯ ಅಡಿಭಾಗ ಕಪ್ಪಲ್ಲ, ನೀಲಿ ಬೂದು. ನೆರಳಿನ ಲೇಯರಿಗೆ (ಚಿತ್ರದ ಮೇಲೆ ಹಾಸಿದ ಪಾರದರ್ಶಕ ಹಾಳೆಯಂಥ ಪದರಕ್ಕೆ) ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ವಿಧಾನ ಹಾಕಿ ಕಪ್ಪನ್ನು ಬಳಿಯುವ ಪಾಠಗಳು ಎಲ್ಲೆಡೆ ಸಿಗುತ್ತವೆ. ಕಾನಿನ ಚಿತ್ರವನ್ನು ಅದು ಕೊಳಕು ಮಾಡುತ್ತದೆ. ನಾನು ಆರ್ಟಿಸ್ಟಿಕ್ ಕಲರ್ ಸೆಲೆಕ್ಟರಿನ ಗ್ಯಾಮಟ್ ಮಾಸ್ಕ್ ಹಾಕಿ ಬಣ್ಣಚಕ್ರದ ಹಸಿರು, ನೀಲಿಯ ಭಾಗವನ್ನಷ್ಟೇ ತೆರೆದಿಡುತ್ತೇನೆ. ಜೊತೆಗೆ ಒಂದೇ ಒಂದು ಕೆಂಪು, ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳ ಕೆಮ್ಮಣ್ಣಿನದು. ಇಷ್ಟರಲ್ಲೇ ಇಡೀ ಚಿತ್ರ ಮುಗಿಯಬೇಕು ಎಂದು ನಿರ್ಧರಿಸಿಕೊಂಡರೆ ಬಣ್ಣಗಳು ತಾವಾಗಿ ಒಂದೂರಿನವಾಗುತ್ತವೆ. ಎಲ್ಲಕ್ಕೂ ಮೇಲೆ ಕಪ್ಪು ತುಂಬಿದ ಲೇಯರ್ ಇಟ್ಟು ಅದರ ಬ್ಲೆಂಡಿಂಗ್ ಅನ್ನು (ಕೆಳಗಿನ ಬಣ್ಣದೊಡನೆ ಬೆರೆಯುವ ಬಗೆಯನ್ನು) ಕಲರ್ ಎಂದು ಮಾಡಿದರೆ ಚಿತ್ರ ಕಪ್ಪುಬಿಳುಪಾಗಿ ಕಾಣುತ್ತದೆ. ಅದರಲ್ಲಿ ಪ್ರಾಣಿ ಹಿನ್ನೆಲೆಯಿಂದ ಬೇರೆಯಾಗಿ ನಿಂತಿದ್ದರೆ ಬೆಳಕು ಸರಿಯಿದೆ ಎಂದೇ ಅರ್ಥ.

ಬೇರುಗಾಲಿನ ಪಾಚಿ, ಒದ್ದೆ ತೊಗಟೆಗೆ ಕಲರ್ ಸ್ಮಡ್ಜ್ ಬ್ರಷ್‌ಗಳು. ಐದನೆಯ ಆವೃತ್ತಿಯಲ್ಲಿ ಇವು ಬಹಳ ಸುಧಾರಿಸಿವೆ. ಬಣ್ಣದ ಮೇಲೆ ಬಣ್ಣ ಎಳೆದಾಗ ಎರಡೂ ಒದ್ದೆಯಿದ್ದಂತೆ ಬೆರೆಯುತ್ತವೆ. ಕ್ರಿಟಾಕ್ಕೆ ಹೊಸಬರು ಎಡವುವ ಜಾಗ ಇನ್‌ಹೆರಿಟ್ ಆಲ್ಫಾ. ಕೆಳಗಿನ ಲೇಯರಿನ ಗಡಿ ದಾಟದಂತೆ ಬಣ್ಣ ಹಚ್ಚಲು ಇದನ್ನು ಒತ್ತುತ್ತಾರೆ, ಏನೂ ಆಗುವುದಿಲ್ಲ. ಅದು ಕೆಳಗಿರುವ ಎಲ್ಲ ಲೇಯರುಗಳನ್ನೂ, ಹಿನ್ನೆಲೆಯನ್ನೂ ಸೇರಿಸಿ ಗಡಿ ಎಂದುಕೊಳ್ಳುತ್ತದೆ. ಪ್ರಾಣಿಯ ಲೇಯರುಗಳನ್ನು ಒಂದು ಗುಂಪಿಗೆ ಹಾಕಿ ಅದರೊಳಗೆ ಬಳಸಿದರೆ ಸರಿಯಾಗುತ್ತದೆ. ಇದನ್ನು ತಿಳಿದವರಿಗೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ.

ಮುಖಕ್ಕೆ ಯಕ್ಷಗಾನದ ಬಣ್ಣದ ವೇಷವನ್ನು ನೆನೆದೆ. ರಾಕ್ಷಸ ಪಾತ್ರಗಳ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಇಡುವ ಬಿಳಿ ಚಿಟ್ಟಿಯ ಉಬ್ಬು ಸಾಲುಗಳನ್ನು ಜಡ್ಡಿರಾಯನ ಹುಬ್ಬಿನ ಮೇಲೆ ಒಂದೊಂದಾಗಿ ಇಟ್ಟಿದ್ದೇನೆ. ಬ್ರಷ್ಷಿನ ಗುರುತುಗಳ ನಡುವಿನ ಅಂತರವನ್ನು (ಸ್ಪೇಸಿಂಗ್) ಹೆಚ್ಚಿಸಿ ಒಂದೇ ಎಳೆತದಲ್ಲಿ ಮುಗಿಸಬಹುದಿತ್ತು, ಆದರೆ ಚಿಟ್ಟಿಗೆ ಕೈಯ ಏರುಪೇರೇ ಜೀವ. ಕೊಂಬುತೊಪ್ಪಿಯ ಹಳದಿಗೂ ಕಾರಣವಿದೆ. ಮಂಗಟ್ಟೆ ತನ್ನ ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಉಜ್ಜಿಕೊಂಡು ಕೊಕ್ಕಿಗೆ ಹಳದಿ ಬರಿಸಿಕೊಳ್ಳುತ್ತದೆ, ಹಾಗಾಗಿ ಒಂದೇ ಸಮನಾಗಿ ತುಂಬಿದ ಹಳದಿ ಅಲ್ಲಿ ಸುಳ್ಳಾಗುತ್ತದೆ. ಕಣ್ಣು ಗಂಡು ಮಂಗಟ್ಟೆಯ ಕೆಂಪು. ಚಿತ್ರದಲ್ಲಿ ಆ ಕಾವಿಯ ಕೆಂಪು ಅತ್ಯಂತ ತೀವ್ರವಾಗಿರುವುದು ಅಲ್ಲಿ ಮಾತ್ರ.

ಪರದೆಯಿಲ್ಲದ ಮಧ್ಯಮ ಗಾತ್ರದ ಪೆನ್ ಟ್ಯಾಬ್ಲೆಟ್ ಈ ಕೆಲಸಕ್ಕೆ ಸಾಕು. ಟ್ಯಾಬ್ಲೆಟ್ಟಿನ ಅಗಲ, ಎತ್ತರದ ಅನುಪಾತವನ್ನು ಪರದೆಗೆ ಸರಿಹೊಂದಿಸಿಕೊಳ್ಳಿ, ಇಲ್ಲವಾದರೆ ವೃತ್ತಗಳು ಮೊಟ್ಟೆಯಾಗುತ್ತವೆ. ವಿಂಡೋಸಿನಲ್ಲಿ ಪೆನ್ನಿನ ಒತ್ತಡ ಸಿಗದಿದ್ದರೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗಿನಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎಂಬ ಎರಡು ಆಯ್ಕೆಗಳನ್ನೂ ಬದಲಿಸಿ ನೋಡಿ. ನನ್ನ ಮೊದಲ ಟ್ಯಾಬ್ಲೆಟ್ಟಿನ ತಂತಿಯ ಕೊಂಡಿ ಮಳೆಗಾಲದ ತೇವಕ್ಕೆ ಕಿಲುಬು ಹಿಡಿದು ಹಾಳಾಯಿತು. ಮಾರಿದವರು ಉತ್ತರ ಕೊಡಲಿಲ್ಲ. ತಂತಿಯನ್ನು ಬೇರೆಯಾಗಿ ಬದಲಿಸಬಹುದಾದ ಮಾದರಿಯನ್ನೇ ಕೊಳ್ಳಿ. ಆಷಾಢದಲ್ಲಿ ವಿದ್ಯುತ್ತು ಹೋಗುವುದಕ್ಕೆ ಕ್ರಿಟಾದ ತಾನೇ ಉಳಿಸುವ ವ್ಯವಸ್ಥೆ ಒಂದು ಆಸರೆ, ಕಂಟ್ರೋಲ್, ಆಲ್ಟ್, ಎಸ್ ಒತ್ತಿ ಹೊಸ ಹೆಸರಿನ ಪ್ರತಿ ಉಳಿಸುವುದು ಇನ್ನೊಂದು.

ಮಿತಿಗಳೂ ಇವೆ. ಎ4 ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಎಂದರೆ 2480×3508 ಪಿಕ್ಸೆಲ್. ಪೂರ್ತಿ ತುಂಬಿದ ಒಂದು ಲೇಯರ್ ಬಣ್ಣದ ನಿಖರತೆ 8 ಬಿಟ್‌ನಲ್ಲಿ ಸುಮಾರು 35 ಎಂಬಿ, 16 ಬಿಟ್‌ನಲ್ಲಿ ಅದರ ಇಮ್ಮಡಿ ಮೆಮೊರಿ ಬೇಡುತ್ತದೆ. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಚಿಪ್ಪಿನ ಲೇಯರುಗಳು ಹೆಚ್ಚಿದಂತೆ ದೊಡ್ಡ ಬ್ರಷ್ ತಡವರಿಸುತ್ತದೆ. 16 ಜಿಬಿ ಇದ್ದರೆ ನೆಮ್ಮದಿ. ಕನ್ನಡ ಅಕ್ಷರ ಜೋಡಣೆಗೆ ನಾನು ಇದನ್ನು ಬಳಸುವುದಿಲ್ಲ, ಕಥೆಯ ಮಾತುಗಳನ್ನು ಇಂಕ್‌ಸ್ಕೇಪ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಕೂರಿಸುತ್ತೇನೆ. ಆಂಡ್ರಾಯ್ಡ್ ಆವೃತ್ತಿ ಟ್ಯಾಬ್ಲೆಟ್‌ಗಳಿಗೆ ಮೀಸಲು, ಫೋನಿಗಲ್ಲ.

ಮುದ್ರಣಕ್ಕೆ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಲೇಬೇಕು. ಪರದೆಯ ಮೇಲೆ ಮಿನುಗುವ ಎಲೆಹಸಿರು ಕಾಗದದ ಶಾಯಿಯಲ್ಲಿ ಬರುವುದಿಲ್ಲ. ಕಂಟ್ರೋಲ್, ವೈ ಒತ್ತಿದರೆ ಸಾಫ್ಟ್ ಪ್ರೂಫಿಂಗ್ ತೆರೆದು ಮುದ್ರಿತ ಬಣ್ಣ ಹೇಗಿರಬಹುದೆಂದು ತೋರಿಸುತ್ತದೆ, ಶಿಫ್ಟ್ ಸೇರಿಸಿದರೆ ಕಾಗದಕ್ಕೆ ದಕ್ಕದ ಬಣ್ಣಗಳನ್ನು ಗುರುತು ಹಾಕಿ ಹೇಳುತ್ತದೆ. ಜಡ್ಡಿರಾಯನ ಹಿಂದಿನ ಹಸಿರು ಬೆಳಕನ್ನು ನಾನು ಹಾಗೆಯೇ ಉಳಿಸಿಕೊಂಡದ್ದು ಬೆಳಗುವ ಹಸಿರನ್ನು ತಗ್ಗಿಸಿ, ಅದರ ಪಕ್ಕದ ನೆರಳಿಗೆ ಕಾವಿಯ ಕೆಂಪನ್ನು ತುಸು ಬೆರೆಸಿ. ಆಮೇಲೆ ತೆಗೆಸಿದ ಮುದ್ರಿತ ಪ್ರತಿಯಲ್ಲಿ ಕಾನು ಕಾನಾಗಿಯೇ ಬಂದಿತ್ತು.