ಅಪ್ಪಾಜಿ ಹೋದ ಮೇಲೆ ‘ಪಿತ್ರಾರ್ಜಿತ ತೆರಿಗೆ’ ಅಂತ 1.8 ಲಕ್ಷ ಕೊಟ್ಟೆವು, ನೀವು ಕೊಡಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆಯವರು ದಯವಿಟ್ಟು ಓದಿ. ನಮ್ಮ ಮನೆಯಲ್ಲಿ ಆದದ್ದು ಇನ್ನೊಂದು ಮನೆಯಲ್ಲಿ ಆಗಬಾರದು.

ಅಪ್ಪಾಜಿ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ವಿದ್ಯಾನಗರದಲ್ಲಿ ಮನೆ, ಚನ್ನಗಿರಿ ಕಡೆ ಮೂರು ಎಕರೆ ಅಡಿಕೆ ತೋಟ. ಎರಡೂ ಅಂಗಡಿಯಲ್ಲಿ ದುಡಿದು ಅವರೇ ಕೊಂಡದ್ದು. ಈಗಿರುವವರು ಅವ್ವ, ಅಕ್ಕ, ನಾನು.

ಶಿವಗಣಾರಾಧನೆ ಮುಗಿದು ವಾರ ಆಗಿರಲಿಲ್ಲ, ಪರಿಚಯದವರೊಬ್ಬರು ಮನೆಗೆ ಬಂದರು. ಕಚೇರಿ ಕೆಲಸ ಮಾಡಿಸಿಕೊಡುವವರು. ಆಗ ಲೋಕಸಭೆ ಚುನಾವಣೆ. ಮೇ 7ಕ್ಕೆ ನಮ್ಮಲ್ಲಿ ಮತದಾನ. ಟೀವಿ ಹಾಕಿದರೆ ಪಿತ್ರಾರ್ಜಿತ ತೆರಿಗೆಯದೇ ಜಗಳ.

“ನೋಡ್ತಿಲ್ವಾ ತಮ್ಮಾ, ಹೊಸ ತೆರಿಗೆ ಬರ್ತಾ ಐತಿ. ಈಗ್ಲೇ ಕಟ್ಟಿ ಪೌತಿ ಖಾತೆ ಮಾಡಿಸ್ಕೊಂಡ್ರೆ ಕಮ್ಮೀಲಿ ಆಗ್ತದ. ತಡ ಮಾಡಿದ್ರೆ ಅರ್ಧ ಆಸ್ತಿ ಸರ್ಕಾರಕ್ಕೆ” ಅಂದರು. ಪೌತಿ ಖಾತೆ ಅಂದರೆ ತೀರಿಕೊಂಡವರ ಆಸ್ತಿಯ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು.

ಅವ್ವ ಹೆದರಿದಳು. ನಾನೂ ಹೆದರಿದೆ. 1.8 ಲಕ್ಷ ನಗದು ಎಣಿಸಿ ಕೊಟ್ಟೆ. ರಸೀದಿ ಕೇಳಿದ್ದಕ್ಕೆ ನೋಟ್‌ಬುಕ್ಕಿನ ಹಾಳೆ ಹರಿದು “ತೆರಿಗೆ ಬಾಬ್ತು” ಅಂತ ಬರೆದು ಮೊತ್ತ ಹಾಕಿದರು. ಕೆಳಗೆ ಒಂದು ಸಹಿ, ಅಷ್ಟೇ.

ದುಡ್ಡಿಗಿಂತ ಜಾಸ್ತಿ ನೋವು ಕೊಡುವುದು ಇನ್ನೊಂದಿದೆ. “ವಂಶವೃಕ್ಷದಲ್ಲಿ ಅಕ್ಕನ ಹೆಸರು ಯಾಕೆ? ಕೊಟ್ಟ ಹೆಣ್ಣುಮಗಳು. ವಾರಸುದಾರರು ಕಮ್ಮಿ ಆದಷ್ಟೂ ತೆರಿಗೆ ಕಮ್ಮಿ” ಅಂದರು. ನಾನು ಒಪ್ಪಿಕೊಂಡೆ. ಅಕ್ಕನ ಹೆಸರಿಲ್ಲದ ಅಫಿಡವಿಟ್‌ಗೆ ಸಹಿ ಹಾಕಿದೆ. ಅದು ಸುಳ್ಳು ಪ್ರಮಾಣಪತ್ರ, ಅಪರಾಧ. ಆ ಹೊತ್ತಿನಲ್ಲಿ ಅದು ತಲೆಗೇ ಬರಲಿಲ್ಲ.

ವಿಎ (ಗ್ರಾಮ ಲೆಕ್ಕಿಗರು) ಊರಿಗೆ ವಿಚಾರಣೆಗೆ ಬಂದಾಗ ತೋಟದ ಪಕ್ಕದವರು ಹಿರಿಯೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದ್ದಾರೆ. ರಾತ್ರಿ ಅಕ್ಕನ ಫೋನ್ ಬಂತು. ಬೈಯಲಿಲ್ಲ. “ಅಪ್ಪಾಜಿಗೆ ನಾನು ಮಗಳಲ್ವೇನೋ?” ಅಂದಳು. ಉತ್ತರ ಕೊಡಲು ಆಗಲಿಲ್ಲ. ಮರುದಿನ ಅವಳು ತಕರಾರು ಅರ್ಜಿ ಕೊಟ್ಟಳು, ಖಾತೆ ನಿಂತಿತು.

ತೆರಿಗೆಯ ನಿಜ ಗೊತ್ತಾದದ್ದು ಜುಲೈನಲ್ಲಿ. ಅಪ್ಪಾಜಿಯ ಕೊನೆಯ ರಿಟರ್ನ್ ವಾರಸುದಾರರೇ ಹಾಕಬೇಕಲ್ವಾ, ಅದಕ್ಕೆ ಆಡಿಟರ್ ಹತ್ತಿರ ಹೋಗಿದ್ದೆ. ಚೀಟಿ ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, “ಚಲನ್ ನಂಬರ್ ಎಲ್ಲಿದೆ? ಈ ಥರ ತೆರಿಗೆಯೇ ನಮ್ಮ ದೇಶದಲ್ಲಿ ಇಲ್ಲ” ಅಂದರು. 1953ರಲ್ಲಿ ಎಸ್ಟೇಟ್ ಡ್ಯೂಟಿ ಅಂತ ಬಂದಿತ್ತಂತೆ, 1985ರಲ್ಲೇ ತೆಗೆದುಹಾಕಿದರಂತೆ. ಟೀವಿಯಲ್ಲಿ ನಡೆದದ್ದು ಬರೀ ಚುನಾವಣೆ ಮಾತು. ವಾರಸಾಗಿ ಬಂದ ಆಸ್ತಿಯನ್ನು ಆದಾಯ ಅಂತ ಲೆಕ್ಕ ಹಾಕುವುದಿಲ್ಲ. ಮುಂದೆ ಆ ಮನೆಯನ್ನೇನಾದರೂ ಮಾರಿದರೆ ಬಂದ ಲಾಭಕ್ಕೆ ತೆರಿಗೆ, ಬಾಡಿಗೆ ಬಂದರೆ ಬಾಡಿಗೆಗೆ ತೆರಿಗೆ. ಸರ್ಕಾರಕ್ಕೆ ನಿಜವಾಗಿ ಕಟ್ಟುವ ಯಾವ ಹಣಕ್ಕಾದರೂ ಚಲನ್ ಇಲ್ಲವೇ ರಸೀದಿ ಇರಲೇಬೇಕು.

ಅಕ್ಕನ ವಿಷಯದಲ್ಲೂ ದುಡ್ಡು ತಗೊಂಡ ಆ ಪರಿಚಯದವರು ಹೇಳಿದ್ದು ಪೂರ್ತಿ ಸುಳ್ಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಮ್ಮಂಥ ಲಿಂಗಾಯತರಿಗೂ ಅನ್ವಯ. ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಗ, ಮಗಳು, ತಾಯಿ ಬದುಕಿದ್ದರೆ ತಾಯಿ, ಇವರಿಗೆಲ್ಲ ಸಮಪಾಲು. ಮಗಳಿಗೆ ಮದುವೆ ಆಗಿದ್ದರೂ ಅಷ್ಟೇ. ಪಿತ್ರಾರ್ಜಿತ ಆಸ್ತಿಯಲ್ಲೂ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇರುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಕ್ಕ ತಂಗಿಯರು ತಾವಾಗಿ ಪಾಲು ಬೇಡ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಲಿ. ವಂಶವೃಕ್ಷದಿಂದ ಮಾತ್ರ ಯಾರ ಹೆಸರನ್ನೂ ಬಿಡಬೇಡಿ. ಎಫ್‌ಡಿಗೆ ನಾನು ನಾಮಿನಿ ಆಗಿದ್ದೆ. ಅಂದಮಾತ್ರಕ್ಕೆ ಆ ದುಡ್ಡೂ ನನ್ನೊಬ್ಬನದಲ್ಲ, ಅದರಲ್ಲೂ ಮೂವರಿಗೆ ಪಾಲಿದೆ.

ಅಪ್ಪಾಜಿ ಒಂದು ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ಆ ಸಾಕ್ಷಿಗಳಿಂದಲೂ ಸಹಿ ಹಾಕಿಸಿದ್ದರೂ ಸಾಕಿತ್ತು. ವಿಲ್‌ಗೆ ನೋಂದಣಿ ಕಡ್ಡಾಯ ಅಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ದುಡ್ಡು ವಾಪಸ್ ಬಂದಿಲ್ಲ. ಹಳೆ ಅರ್ಜಿ ಹಿಂದಕ್ಕೆ ತಗೊಂಡು, ಮೂವರ ಹೆಸರಿನ ಹೊಸ ಅಫಿಡವಿಟ್ ಮಾಡಿಸಿದೆ. ಅರ್ಜಿ ಕೊಡುವ ದಿನ ಅಕ್ಕ ಹಿರಿಯೂರಿನಿಂದ ಮೊದಲ ಬಸ್ಸಿಗೇ ಬಂದಳು. ನಾಡಕಚೇರಿಯಲ್ಲಿ ಕಟ್ಟಿದ ಶುಲ್ಕ ನಮ್ಮಿಬ್ಬರ ಊಟದ ದುಡ್ಡಿನಷ್ಟೂ ಆಗಲಿಲ್ಲ. ಕೈಗೆ ಅಚ್ಚಾದ ರಸೀದಿ ಕೊಟ್ಟರು, ಅದರ ಮೇಲೆ ಅರ್ಜಿ ನಂಬರ್ ಇತ್ತು. ಅಕ್ಕ ಅದನ್ನು ಮಡಚಿ ತನ್ನ ಪರ್ಸಿನಲ್ಲೇ ಇಟ್ಟುಕೊಂಡಳು.